ಡಿಶ್ಶಿಗೆ ಬಿದ್ದ ಮುದ್ರೆ

"ಶಕ್ತಿ ಎಪ್ಪತ್ತು, ಗುಣ ಸೊನ್ನೆ" ಎಂದು ಕೂಗಿ ಹೇಳಿ ನಾನು ಇನ್ನೊಂದು ಹುರುಳಿಕಾಯಿಯ ನಾರು ಎಳೆದೆ.

ತಲೆಯ ಮೇಲಿನ ತಗಡು ದಡದಡ ಅಂದಿತು. ನಮ್ಮವರು ಅಲ್ಲಿ ಮೊಣಕಾಲೂರಿ ಕೂತು ಡಿಶ್ಶನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರು.

"ಈಗ?"

"ಶಕ್ತಿ ಎಪ್ಪತ್ತೊಂದು. ಗುಣ ಸೊನ್ನೆ."

"ಸರಿಯಾಗಿ ನೋಡಿ ಹೇಳು."

"ಸೊನ್ನೇನ ಎಷ್ಟು ಸರಿಯಾಗಿ ನೋಡಿದ್ರೂ ಸೊನ್ನೇನೇ."

ನನ್ನೆದುರಿನ ಟೀವಿಯ ಪರದೆಯಲ್ಲಿ ಎರಡು ಪಟ್ಟಿಗಳಿದ್ದವು. ಮೇಲಿನದು ಆಕಾಶದಿಂದ ಇಳಿಯುವ ಸಂಕೇತದ ಶಕ್ತಿಯನ್ನು ತೋರಿಸುತ್ತದೆ, ಕೆಳಗಿನದು ಅದರ ಗುಣವನ್ನು. ಎರಡೂ ಏರಿದರೆ ಮಾತ್ರ ಚಿತ್ರ. ನಮ್ಮವರು ಗಾಡಿಯ ಮೇಲೆ ಹತ್ತಿ ತಿರುಗಿಸುವುದು, ನಾನು ಒಳಗೆ ಕೂತು ಓದಿ ಹೇಳುವುದು ಎಂದು ಕೆಲಸ ಹಂಚಿಕೆಯಾಗಿತ್ತು. ಮೂರು ದಿನದಿಂದ ಇದೇ ನಡೆದಿದ್ದರಿಂದ ತರಕಾರಿ ಹೆಚ್ಚುವುದು, ಗುಂಡಿ ಹೊಲಿಯುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು ಎಲ್ಲವನ್ನೂ ತಟ್ಟೆಗೆ ಹಾಕಿಕೊಂಡು ಗಾಡಿಗೇ ತರುತ್ತಿದ್ದೆ. ಶಕ್ತಿಯಿದೆ, ಗುಣವಿಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಮೂರು ದಿನ ಗಂಡನಿಗೆ ಕೂಗಿ ಹೇಳಿದ ಹೆಂಗಸು ನಾನೊಬ್ಬಳೇ ಇರಬೇಕು. ಆಗ ಅದು ನನಗೆ ಹೊಳೆಯಲಿಲ್ಲ.

ಗಾಡಿ ಎಂದರೆ ನಮ್ಮ ಮನೆಯೆದುರು ರಸ್ತೆಯ ಬದಿಗೆ ನಿಲ್ಲಿಸಿದ್ದ, ಸಣ್ಣ ಬಸ್ಸಿನಷ್ಟು ಉದ್ದದ, ಒಳಗೇ ಮಲಗಿ ಎದ್ದು ಬೇಯಿಸಿಕೊಂಡು ಊರೂರು ಸುತ್ತಬಹುದಾದ ಮನೆಗಾಡಿ. ಹಿಂದಿನ ಜನ್ಮದಲ್ಲಿ ಅದು ಸಂಚಾರಿ ಕಣ್ಣಾಸ್ಪತ್ರೆಯಾಗಿತ್ತು. ನಮ್ಮವರು ಕೆಲಸದಿಂದ ನಿವೃತ್ತರಾದ ಮೇಲೆ ಹರಾಜಿನಲ್ಲಿ ಹಿಡಿದು, ಎರಡು ಮಂಚ, ಒಂದು ಒಲೆ, ಒಂದು ಕಪಾಟು ಕೂರಿಸಿದ್ದರು. ಕನ್ನಡಕ ಕೊಡುತ್ತಿದ್ದ ಪಕ್ಕದ ಕಿಟಕಿ ಹಾಗೇ ಇತ್ತು. ಹಿಂದಿನ ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಸಾಲು ಬರೆದಿತ್ತು. ನಾನು ಎಷ್ಟು ಉಜ್ಜಿದರೂ ಹೋಗಲಿಲ್ಲ. ಗಾಡಿಯೊಳಗೆ ಕಾಲಿಟ್ಟ ಯಾರೇ ಆಗಲಿ, ತಮಗೇ ಗೊತ್ತಿಲ್ಲದೆ ಬಾಗಿಲ ಹತ್ತಿರವೇ ನಿಂತು, ಒಂದು ಕಣ್ಣು ಮುಚ್ಚಿ, ಕೊನೆಯ ಸಾಲು ಓದಲು ನೋಡುತ್ತಿದ್ದರು. ಓದಲಾಗದವರು ಆಮೇಲೆ ಬಂದ ಕೆಲಸದ ಮಾತನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಆಡುತ್ತಿದ್ದರು.

ನನ್ನ ತಂಗಿ ಕಡಲ ದಂಡೆಯ ಒಂದು ಊರಿನಲ್ಲಿ ನೀರಿಗೆ ಮುಖ ಮಾಡಿದ ಪುಟ್ಟ ಮನೆಯಲ್ಲಿದ್ದಾಳೆ. ಮದುವೆಯಾದಾಗಿನಿಂದ "ಅಕ್ಕಾ, ಬಾರೇ" ಅನ್ನುತ್ತಲೇ ಇದ್ದಾಳೆ, ನಾನು "ಬರ್ತೀನಿ ಕಣೇ" ಅನ್ನುತ್ತಲೇ ಇದ್ದೇನೆ. ಈ ತಿಂಗಳ ಕೊನೆಗೆ ಆ ಮನೆಯನ್ನು ಕೊಂಡವರಿಗೆ ಬಿಟ್ಟುಕೊಡಬೇಕು. ಅದರೊಳಗೆ ಒಂದು ಸಲ ಹೋಗಿ, ಬೆಳಿಗ್ಗೆ ಎದ್ದು ಒಲೆಯ ಮುಂದೆ ನಿಲ್ಲದೆ ಸುಮ್ಮನೆ ನೀರು ನೋಡಿಕೊಂಡು ಕೂರಬೇಕು ಎನ್ನುವುದು ನನ್ನ ಆಸೆ. ಗಾಡಿಯ ಮೊದಲ ಪ್ರಯಾಣ ಅಲ್ಲಿಗೇ ಎಂದು ನಮ್ಮವರೇ ಮಾತು ಕೊಟ್ಟಿದ್ದರು. ನಾನು ಎರಡು ತಟ್ಟೆ, ಎರಡು ಲೋಟ, ಎರಡು ಹೊದಿಕೆ ಚೀಲಕ್ಕೆ ಹಾಕಿ ಗಾಡಿಯ ಕಪಾಟಿನಲ್ಲಿ ಇಟ್ಟೂ ಆಗಿತ್ತು.

ಹೊರಡುವುದೊಂದೇ ಬಾಕಿ ಇತ್ತು. ಆಗ ನಮ್ಮವರು ಬೆಳಗಿನ ನಡಿಗೆಯಲ್ಲಿ ಎದುರುಮನೆಯ ಬ್ಯಾಂಕ್ ಮ್ಯಾನೇಜರ ಹತ್ತಿರ ಬಾಯಿಬಿಟ್ಟರು.

"ನಮ್ಮ ಗಾಡಿ ಕಾಡಲ್ಲಿ ನಿಂತ್ರೂ ಸರಿ, ಬೆಟ್ಟದ ಮೇಲೆ ನಿಂತ್ರೂ ಸರಿ, ಸಂಜೆ ವಾರ್ತೆ ತಪ್ಪೋದಿಲ್ಲ."

ಮ್ಯಾನೇಜರು "ನೋಡೋಣ" ಅಂದರು. ಸಾಲದ ಅರ್ಜಿಗಳಿಗೆ ಜೀವಮಾನವೆಲ್ಲ ಹೇಳಿದ "ನೋಡೋಣ" ಅದು. ಅದನ್ನು ಕೇಳಿಸಿಕೊಂಡು ತಣ್ಣಗೆ ಮನೆಗೆ ಬಂದವರು ಯಾರೂ ಇಲ್ಲ. ಮಾರನೆಯ ದಿನವೇ ಡಿಶ್ಶು, ರಿಸೀವರ್ ಪೆಟ್ಟಿಗೆ, ಹಾವಿನಂಥ ಕೇಬಲ್ಲು ಬಂದವು. ಕೂರಿಸಲು ಬಂದ ಡಿಶ್ಶಿನವನು ಕತ್ತೆತ್ತಿ ಆಕಾಶ ನೋಡಿ, ಡಿಶ್ಶಿಗೆ ಎರಡು ತಟ್ಟು ತಟ್ಟಿ, "ಸುಮಾರಾಗಿ ಕೂತಿದೆ ಸಾರ್" ಅಂದ.

ಅವನ ಗ್ರಹಚಾರ. ನಮ್ಮವರು ಕೆಲಸ ಮಾಡಿದ್ದು ತೂಕ ಮತ್ತು ಅಳತೆ ಇಲಾಖೆಯಲ್ಲಿ. ತಕ್ಕಡಿ, ತೂಕದ ಬಟ್ಟು, ಲೀಟರು, ಮೀಟರು ಪರೀಕ್ಷಿಸುತ್ತ ತಲೆ ನರೆತ ಮನುಷ್ಯ. ನಮ್ಮ ಮನೆಯಲ್ಲಿ 'ಸುಮಾರು' ಎನ್ನುವ ಮಾತನ್ನು ಮಕ್ಕಳೆದುರು ಆಡಬಾರದ ಮಾತುಗಳ ಸಾಲಿಗೆ ಸೇರಿಸಿ ಎಷ್ಟೋ ವರ್ಷವಾಗಿದೆ.

"ಸುಮಾರು ಅಂದ್ರೆ ಎಷ್ಟು?" ಎಂದು ಕೇಳಿದರು.

"ಸುಮಾರು ಅಂದ್ರೆ ಸುಮಾರೇ ಸಾರ್."

ಅವನನ್ನು ಕಳಿಸಿ, ಪೆಟ್ಟಿಗೆಯಿಂದ ದಿಕ್ಸೂಚಿ, ಮಟ್ಟಗೋಲು, ತೂಗುಗುಂಡು ತೆಗೆದುಕೊಂಡು ಇವರೇ ಮೇಲೆ ಹತ್ತಿದರು. ಡಿಶ್ಶಿನವನು ಕೂರಿಸಿದ್ದರಿಂದ ಬರುತ್ತಿದ್ದ ಚಿತ್ರ ಮೊದಲ ತಿರುವಿಗೇ ಹೋಯಿತು. ಮೂರು ದಿನವಾಯಿತು, ಬರಲಿಲ್ಲ.

ಹುರುಳಿಕಾಯಿ ಮುಗಿಯುವ ಹೊತ್ತಿಗೆ ಕೆಳಗಿನ ಪಟ್ಟಿ ತಾನಾಗಿ ಹಸಿರಾಯಿತು. ಗುಣ ಎಂಬತ್ತಾರು. ಯಾವುದೋ ದೇಶದಲ್ಲಿ ಯಾರೋ ಒಬ್ಬ ನಮಗೆ ತಿಳಿಯದ ಭಾಷೆಯಲ್ಲಿ ಬಾವಿ ತೋಡುವುದನ್ನು ವಿವರಿಸುತ್ತಿದ್ದ. ಅವನ ಹಣೆಯ ಬೆವರಿನ ಹನಿಗಳನ್ನು ಎಣಿಸಬಹುದಿತ್ತು.

"ಬಂತು" ಅಂದೆ.

ಆಮೇಲೆ ನಮ್ಮವರು ಏಣಿಯಿಳಿದು ಬಂದು, ಬಾವಿ ತೋಡುವವನನ್ನು ಬಹಳ ಹೊತ್ತು ನೋಡಿದರು. ಮೊದಲ ಮಗು ಹುಟ್ಟಿದಾಗ ಆಸ್ಪತ್ರೆಯಲ್ಲಿ ಇಷ್ಟು ಹೊತ್ತು ನೋಡಿರಲಿಲ್ಲ. ಆಮೇಲೆ ಮನೆಯೊಳಗೆ ಹೋಗಿ ಇಕ್ಕಳ ತಂದರು.

ಅದು ಸೀಸದ ಮುದ್ರೆಯೊತ್ತುವ ಇಕ್ಕಳ. ಹಳೆಯದಾಯಿತೆಂದು ಕೈಬಿಟ್ಟಿದ್ದನ್ನು ಬೀಳ್ಕೊಡುಗೆಯ ದಿನ ಇಲಾಖೆಯವರು ಇವರಿಗೆ ಕೊಟ್ಟಿದ್ದರು. ತಕ್ಕಡಿಯನ್ನು ಪರೀಕ್ಷಿಸಿದ ಮೇಲೆ ತಂತಿ ಬಿಗಿದು, ಸೀಸದ ಗುಂಡು ಹಾಕಿ ಒತ್ತಿದರೆ ಮುದ್ರೆ ಬೀಳುತ್ತದೆ. ಆಮೇಲೆ ಯಾರೂ ಮುಟ್ಟುವಂತಿಲ್ಲ. ಮುದ್ರೆ ಒಡೆದ ಎಷ್ಟೋ ಅಂಗಡಿಯವರನ್ನು ಇವರು ಕೋರ್ಟಿನ ಮೆಟ್ಟಿಲು ಹತ್ತಿಸಿದ್ದರು. ಅಂಥ ಮುದ್ರೆಯನ್ನು ಗಾಡಿಯ ಮೇಲಿನ ಡಿಶ್ಶಿನ ತಿರುಪಿಗೆ ಒತ್ತಿ ಕೆಳಗಿಳಿದರು.

"ಇನ್ನು ಹೊರಡೋಣ ಅಲ್ವಾ? ನಾಳೆ?" ಅಂದೆ.

"ಹೊರಡೋಣ."

"ಗಾಡಿ ತಿರುವಲ್ಲಿ ತಿರುಗಿದ್ರೆ ಡಿಶ್ಶೂ ತಿರುಗಲ್ವಾ?"

ನಮ್ಮವರು ಲೋಟವನ್ನು ಬಾಯಿಯ ಹತ್ತಿರ ಒಯ್ದವರು ಅಲ್ಲೇ ನಿಲ್ಲಿಸಿದರು. ಮೂರು ದಿನ ದಿಕ್ಸೂಚಿ ಹಿಡಿದ ಮನುಷ್ಯನಿಗೆ ಗಾಡಿಗೆ ಚಕ್ರಗಳಿವೆ ಎನ್ನುವುದು ಮರೆತೇಹೋಗಿತ್ತು.

"ನಿಂತ ಕಡೆ ಮತ್ತೆ ತಿರುಗಿಸ್ಕೊಂಡ್ರಾಯ್ತು" ಎಂದು ನಾನೇ ಸಮಾಧಾನ ಹೇಳಿದೆ.

"ಮುದ್ರೆ ಒಡೆದಾ?" ಅಂದರು. ಕೊಲೆ ಮಾಡಲು ಹೇಳಿಕೊಟ್ಟವಳನ್ನು ನೋಡುವಂತೆ ನನ್ನನ್ನು ನೋಡಿದರು. "ಸ್ವಲ್ಪ ಯೋಚನೆ ಮಾಡ್ಬೇಕು. ಅವಸರ ಮಾಡ್ಬೇಡ."

ಅವರು ಯೋಚನೆ ಮಾಡುವಷ್ಟರಲ್ಲಿ ಡಿಶ್ಶಿಗೆ ಶತ್ರುಗಳು ಹುಟ್ಟಿಕೊಂಡರು. ಕಾಗೆ ಕೂತರೆ ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು. ಪೇಪರಿನವನು ಸೈಕಲ್ಲನ್ನು ಗಾಡಿಗೆ ಒರಗಿಸಿದರೆ ಬಾವಿ ತೋಡುವವನ ಮೂಗು ಕಿವಿಯ ಹತ್ತಿರ ಹೋಗುತ್ತಿತ್ತು. ಕಾವಲಿಗೆ ಯಾರಾದರೂ ಇರಬೇಕು ಎಂದು ತೀರ್ಮಾನಿಸಿ ನಮ್ಮವರು ಹಾಡಹಗಲೇ, ಬೀದಿಯ ಎಲ್ಲ ಜಗಲಿಗಳಿಂದ ಕಾಣುವಂತೆ, ಒಂದು ದಿಂಬು, ಒಂದು ಚಾದರ, ಕ್ಷೌರದ ಡಬ್ಬಿ, ತಮ್ಮ ಚಪ್ಪಲಿ ಎತ್ತಿಕೊಂಡು ಮನೆಯಿಂದ ಗಾಡಿಗೆ ವಾಸ ಬದಲಿಸಿದರು. ನಮ್ಮ ಅಡುಗೆಮನೆಯ ಕಿಟಕಿಯಿಂದ ಗಾಡಿಯವರೆಗೆ ಕರೆಂಟಿನ ವೈರು ಎಳೆದಾಯಿತು. ಊಟದ ತಟ್ಟೆಯನ್ನು ನಾನು ಕನ್ನಡಕದ ಕಿಟಕಿಯಲ್ಲಿ ಒಳಗೆ ಕೊಡುತ್ತಿದ್ದೆ. ತೊಳೆಯುವ ತಟ್ಟೆ ಅದೇ ಕಿಟಕಿಯಲ್ಲಿ ಹೊರಗೆ ಬರುತ್ತಿತ್ತು.

ಎರಡು ದಿನ ಕಳೆದಿರಬೇಕು. ಪಕ್ಕದ ಮನೆಯ ಟೀಚರು ಬಂದರು. ಶಾಲೆಯಿಂದ ನಿವೃತ್ತರಾದರೂ ಬೀದಿಯ ಎಲ್ಲರಿಗೂ ಈಗಲೂ ಟೀಚರೇ. ಬಿಸ್ಕತ್ತಿನ ಡಬ್ಬಿಯೊಂದನ್ನು ನನ್ನ ಕೈಗಿಟ್ಟು, ಕೈಯನ್ನು ಬಿಡಲೇ ಇಲ್ಲ.

"ಎಷ್ಟು ದಿನದಿಂದ ಸಹಿಸ್ಕೊಂಡಿದ್ರಿ?" ಎಂದು ಮೆಲ್ಲನೆ ಕೇಳಿದರು.

"ಮೂರು ದಿನ ನೋಡಿ. ಕೂಗಿ ಕೂಗಿ ಗಂಟಲು ಕಟ್ಟಿಹೋಯ್ತು."

"ಬರೀ ಮೂರು ದಿನಕ್ಕೇ?" ಅವರ ಕಣ್ಣಲ್ಲಿ ನಾನು ಹಿಂದೆಂದೂ ಕಾಣದ ಗೌರವ ಕಂಡಿತು. "ನಾನು ಇಪ್ಪತ್ತು ವರ್ಷ ಯೋಚನೆ ಮಾಡ್ದೆ. ಹೊರಗೆ ಹೋಗಿ ಅನ್ನೋಕೆ ಬಾಯೇ ಬರ್ಲಿಲ್ಲ. ಕೊನೆಗೆ ಅವರೇ ತೀರ್ಕೊಂಡ್ರು, ಪುಣ್ಯಾತ್ಮ."

"ಟೀಚರ್, ನೀವು ಯಾವ ವಿಷಯ..."

"ಬೇಡ, ಏನೂ ಹೇಳ್ಬೇಡಿ. ಊಟ ಕೊಡ್ತಾ ಇದ್ದೀರಲ್ಲ, ಅದು ನಿಮ್ಮ ದೊಡ್ಡ ಗುಣ. ಕಿಟಕೀಲೇ ಕೊಡಿ. ಬಾಗಿಲು ತೆಗೀಬೇಡಿ. ನಾನಾಗಿದ್ರೆ ಕಿಟಕೀನೂ ತೆಗೀತಿರ್ಲಿಲ್ಲ."

ಅವರು ಏನು ತಿಳಿದುಕೊಂಡಿದ್ದಾರೆ ಎಂದು ನನಗೆ ಅರ್ಥವಾದಾಗ ಅವರು ಗೇಟಿನ ಹತ್ತಿರ ಹೋಗಿಯಾಗಿತ್ತು. ಹಿಂದೆಯೇ ಓಡಿದೆ.

"ಟೀಚರ್, ಅವರು ಡಿಶ್ ಕಾಯೋಕೆ ಅಂತ ಅಲ್ಲಿ ಮಲಗಿರೋದು."

ಟೀಚರು ನನ್ನ ಕೆನ್ನೆ ಸವರಿದರು. "ಹಾಗೇ ಹೇಳಿ. ಮರ್ಯಾದೆ ಉಳಿಯುತ್ತೆ. ಯಾರಾದ್ರೂ ಕೇಳಿದ್ರೆ ನಾನೂ ಡಿಶ್ ಅಂತಲೇ ಹೇಳ್ತೀನಿ."

ಅವರು ಮಾತಿಗೆ ತಪ್ಪುವವರಲ್ಲ. ಸಂಜೆಯೊಳಗೆ ಬೀದಿಯ ಪ್ರತಿಯೊಬ್ಬರಿಗೂ, ಕೇಳದವರಿಗೂ, ಅದು ಡಿಶ್ಶಿನ ವಿಷಯ ಮಾತ್ರ ಎಂದು ತಿಳಿಸಿದ್ದರು. ಅದರಿಂದ ಅನುಮಾನವಿದ್ದವರಿಗೂ ಖಾತ್ರಿಯಾಯಿತು.

ಗಂಡಸರ ನಿಯೋಗ ಗಾಡಿಯ ಕಡೆಗೆ ಹೋಯಿತು. ಮ್ಯಾನೇಜರು ಮುಂದೆ, ಮೂಲೆಯ ಟೈಲರು ಹಿಂದೆ. ಇಬ್ಬರೂ ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಅಕ್ಷರ ಓದಿ ಒಳಗೆ ಕೂತರು. ಮ್ಯಾನೇಜರು ಸೋಲೊಪ್ಪಲು ಬಂದಿದ್ದಾರೆಂದು ನಮ್ಮವರು ತಿಳಿದರು. ನಾನು ತಟ್ಟೆ ತೆಗೆದುಕೊಳ್ಳಲು ಕಿಟಕಿಯ ಹೊರಗೆ ನಿಂತಿದ್ದೆ.

"ಹೇಗಿದ್ದೀರಿ?" ಎಂದರು ಮ್ಯಾನೇಜರು, ಆಸ್ಪತ್ರೆಗೆ ಬಂದವರ ದನಿಯಲ್ಲಿ.

"ಬಹಳ ಚೆನ್ನಾಗಿದ್ದೀನಿ. ಇಷ್ಟು ವರ್ಷದಲ್ಲಿ ಇಷ್ಟು ಸ್ಪಷ್ಟವಾಗಿ ನಾನು ಕಂಡೇ ಇರ್ಲಿಲ್ಲ."

ಟೈಲರು ತಲೆ ತಗ್ಗಿಸಿದರು. "ಮನೇಲಿದ್ದಾಗ ಕಾಣ್ತಿರ್ಲಿಲ್ವಾ?"

"ಮನೇಲಿ ಎಲ್ಲಾ ಮಬ್ಬು. ಹೊಂದಾಣಿಕೆ ಆಗಲೇ ಇಲ್ಲ. ಆದ್ರೂ ಎಳ್ಕೊಂಡು ಬಂದ್ವಿ."

"ಮತ್ತೆ ಒಳಗೆ ಹೋಗೋ ಯೋಚನೆ?"

"ಸಿಕ್ಕಿದ್ದನ್ನ ಬಿಟ್ಟು ಹೇಗೆ ಹೋಗ್ಲಿ ಸ್ವಾಮಿ? ಒಂದು ಬೆರಳು ಆಚೀಚೆ ಆದ್ರೂ ಎಲ್ಲಾ ಹೋಗುತ್ತೆ" ಎಂದು ನಮ್ಮವರು ಬಾವಿಯವನ ಕಡೆ ಕೈ ತೋರಿಸಿದರು.

ಇಬ್ಬರೂ ಬಾವಿ ತೋಡುವುದನ್ನು ಗಂಭೀರವಾಗಿ ನೋಡಿದರು. ಎದ್ದು ಹೋಗುವಾಗ ಟೈಲರು ನಮ್ಮವರ ಅಂಗಿಯ ಸಡಿಲ ಗುಂಡಿಯೊಂದನ್ನು ಕಂಡು, "ಕೊಡಿ, ನಾನೇ ಹೊಲಿದು ಕೊಡ್ತೀನಿ. ಇನ್ನು ಮೇಲೆ ಇಂಥದ್ದಕ್ಕೆಲ್ಲ ಸಂಕೋಚ ಪಡ್ಬೇಡಿ" ಅಂದರು. ಮ್ಯಾನೇಜರ ಕಣ್ಣು ತೇವವಾಗಿತ್ತು.

ಅವರು ಹೋದ ಮೇಲೆ ನಾನು ಕಿಟಕಿಯಲ್ಲಿ ಬಗ್ಗಿ ಹೇಳಿದೆ. "ರೀ, ಬೀದಿಯವರು ನಾವಿಬ್ರೂ ಬೇರೆ ಆಗಿದ್ದೀವಿ ಅಂತ ತಿಳ್ಕೊಂಡಿದ್ದಾರೆ."

"ಯಾರು?" ಅಂದರು, ಪರದೆಯಿಂದ ಕಣ್ಣು ಕೀಳದೆ.

"ನಾವು."

"ಮ್ಯಾನೇಜರು ಬಾಯಿ ಮುಚ್ಕೊಂಡು ಹೋದ್ರು, ನೋಡಿದ್ಯಾ?" ಅಂದರು.

ಆ ವಾರ ತಂಗಿ ಫೋನು ಮಾಡಿದಳು. "ಪಾತ್ರೆಯೆಲ್ಲ ಕಟ್ಟಿದ್ದಾಯ್ತು. ಕಿಟಕಿ ಪರದೆ ಮಾತ್ರ ಬಿಚ್ಚಿಲ್ಲ ಕಣೇ. ನೀನು ಬಂದು ನೋಡಿದ ಮೇಲೆ ಬಿಚ್ಚೋಣ ಅಂತ. ಹೊರಟ್ರಾ?"

"ಚಿತ್ರ ಬಂದಿದೆ" ಅಂದೆ.

ಬೀದಿಯಲ್ಲಿ ಯಾರೋ ನಗರಸಭೆಗೆ ದೂರು ಕೊಟ್ಟಿದ್ದರು. ರಸ್ತೆಯ ಬದಿಯಲ್ಲಿ ಗಾಡಿಯೊಂದರಲ್ಲಿ ಹೆಂಡತಿ ಬಿಟ್ಟ ಗಂಡಸು ವಾಸವಾಗಿದ್ದಾನೆ ಎಂದು. ಅಧಿಕಾರಿ ಬಂದರು. ತೆಳ್ಳಗಿನ, ಎಲ್ಲದಕ್ಕೂ ಎರಡೇ ಉತ್ತರವಿದೆ ಎಂದು ನಂಬಿದ ಮನುಷ್ಯ.

"ಇದು ನಿಲ್ಲಿಸಿರೋ ಗಾಡಿಯೋ, ವಾಸದ ಮನೆಯೋ? ಒಂದು ಹೇಳಿ" ಎಂದು ಕೇಳಿದರು.

"ವ್ಯತ್ಯಾಸ ಏನು?" ಎಂದರು ನಮ್ಮವರು.

"ಗಾಡಿ ಆದ್ರೆ ನಾಳೆಯೊಳಗೆ ಇಲ್ಲಿಂದ ತೆಗೀಬೇಕು. ಮನೆ ಆದ್ರೆ ಮನೆ ನಂಬರು, ಮನೆ ಕಂದಾಯ."

ಗಾಡಿ ಅನ್ನಿ, ಗಾಡಿ ಅನ್ನಿ ಎಂದು ನಾನು ಗೇಟಿನಲ್ಲಿ ನಿಂತು ಮನಸ್ಸಿನಲ್ಲೇ ಹೇಳಿಕೊಂಡೆ. ಗಾಡಿ ಅಂದಿದ್ದರೆ ಮರುದಿನ ಬೆಳಿಗ್ಗೆ ನಾವು ಕಡಲಿನ ದಾರಿಯಲ್ಲಿರುತ್ತಿದ್ದೆವು. ನಮ್ಮವರು ತಲೆಯೆತ್ತಿ ಚಾವಣಿಯ ಮೇಲಿನ ಡಿಶ್ಶನ್ನು, ಅದರ ಸೀಸದ ಗುಂಡನ್ನು ನೋಡಿದರು.

"ಮನೆ ಅಂತ ಬರ್ಕೊಳ್ಳಿ" ಅಂದರು.

ತಾನಾಗಿ ಕಂದಾಯ ಕೇಳಿಕೊಂಡವರನ್ನು ಅಧಿಕಾರಿ ಸೇವೆಯಲ್ಲಿ ಮೊದಲ ಸಲ ಕಂಡಿದ್ದರಂತೆ. ಎದ್ದು ನಿಂತು ಕೈ ಕುಲುಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಮ್ಮಾ, ಈ ಮನೇಲಿ, ಹದಿನಾಲ್ಕನೇ ನಂಬರಲ್ಲಿ, ಯಾರಿರ್ತಾರೆ?"

"ನಾನು."

"ಒಬ್ಬರೇನಾ?"

ಅವರ ಪ್ರಶ್ನೆಗೂ ಎರಡೇ ಉತ್ತರ ಇತ್ತು. ಹಾಸಿಗೆಯ ಪೂರ್ತಿ ಅಗಲಕ್ಕೆ ಕೈ ಚಾಚಿ ಮಲಗಿ ಎದ್ದದ್ದು, ಬೆಳಿಗ್ಗೆ ಚಹಾವನ್ನು ಬಿಸಿಯಿರುವಾಗಲೇ ಕುಡಿದದ್ದು ನೆನಪಾಯಿತು.

"ಒಬ್ಬಳೇ" ಅಂದೆ. ಅದು ಸುಳ್ಳೇನೂ ಆಗಿರಲಿಲ್ಲ.

ಮೂರನೆಯ ದಿನ ಇಬ್ಬರು ಬಂದು ಗಾಡಿಯ ಬಾಗಿಲಿಗೆ ನೀಲಿ ತಗಡಿನ ಫಲಕ ಹೊಡೆದರು. ಹದಿನಾಲ್ಕು ಎ. ಅವರ ಸುತ್ತಿಗೆಯ ಏಟಿಗೆ ಚಿತ್ರ ಹೋಗಿ ನಮ್ಮವರ ಜೀವವೂ ಹೋಗಿ ಎರಡೂ ಒಟ್ಟಿಗೆ ಮರಳಿದವು. ಅಂದಿನಿಂದ ಅಂಚೆಯವನು ಅವರ ಕಾಗದಗಳನ್ನು ಕನ್ನಡಕದ ಕಿಟಕಿಯಲ್ಲಿ, ನನ್ನ ಕಾಗದಗಳನ್ನು ಗೇಟಿನಲ್ಲಿ ಹಾಕತೊಡಗಿದ. ಇಬ್ಬರಿಗೂ ಸೇರಿ ಬಂದ ಮದುವೆಯ ಕರೆಯೋಲೆಯೊಂದನ್ನು ಹಿಡಿದು ರಸ್ತೆಯ ನಡುವೆ ಬಹಳ ಹೊತ್ತು ನಿಂತಿದ್ದ. ಕೊನೆಗೆ ಟೀಚರ ಮನೆಗೆ ಕೊಟ್ಟು ಹೋದ.

ಸರಕಾರವೇ ಒಪ್ಪಿದ ಮೇಲೆ ಸಂಬಂಧಿಕರು ಸುಮ್ಮನಿರುತ್ತಾರೆಯೇ? ಭಾನುವಾರ ಬೆಳಿಗ್ಗೆ ನನ್ನ ಅಣ್ಣ, ಅವನ ಹೆಂಡತಿ ಅತ್ತಿಗೆ, ನಮ್ಮ ನಾದಿನಿ ಮೂವರೂ ಒಂದೇ ಟ್ಯಾಕ್ಸಿಯಲ್ಲಿ ಇಳಿದರು. ಅಣ್ಣ ವಕೀಲ. ಬಾಡಿಗೆದಾರರ ವ್ಯಾಜ್ಯ ಅವನ ಹೊಟ್ಟೆಪಾಡು. ಗಂಡ ಹೆಂಡಿರ ಜಗಳವನ್ನೂ ಅವನು ಸ್ವಾಧೀನ, ತೆರವು, ನೋಟಿಸು ಎಂಬ ಮಾತುಗಳಲ್ಲೇ ಯೋಚಿಸುತ್ತಾನೆ. ನಮ್ಮವರ ತಂಗಿಯಾದ ನಾದಿನಿಗೆ ಅಳು ಬಹಳ ಹತ್ತಿರ. ಟ್ಯಾಕ್ಸಿಯಿಂದ ಕೆಳಗಿಳಿದು ಹದಿನಾಲ್ಕು ಎ ಕಂಡವಳೇ ಕರ್ಚೀಫು ತೆಗೆದಳು.

"ನಮ್ಮಣ್ಣನ್ನ ಎ ಮಾಡ್ಬಿಟ್ಯಲ್ಲೇ ಅತ್ತಿಗೆ" ಅಂದಳು.

ಅಣ್ಣ ಗಾಡಿಯ ಸುತ್ತ ಒಂದು ಸುತ್ತು ಬಂದ. ಅಡುಗೆಮನೆಯಿಂದ ಬಂದ ವೈರನ್ನು ಕಂಡು ಅವನ ಮುಖ ಅರಳಿತು. "ಕರೆಂಟು ಇನ್ನೂ ಅವಳದ್ದೇ. ಸಂಬಂಧ ಪೂರ್ತಿ ಕಡಿದಿಲ್ಲ" ಎಂದು ಅತ್ತಿಗೆಗೆ ಹೇಳಿದ.

ಪಂಚಾಯಿತಿ ಗಾಡಿಯಲ್ಲೇ ಸೇರಿತು, ಏಕೆಂದರೆ ನಮ್ಮವರು ಹೊರಗೆ ಬರಲು ಒಪ್ಪಲಿಲ್ಲ. ಮೂವರೂ ಬಾಗಿಲಲ್ಲಿ ನಿಂತು ಕಣ್ಣು ಪರೀಕ್ಷೆ ಮುಗಿಸಿದರು. ಅತ್ತಿಗೆಗೆ ಕೊನೆಯೆರಡು ಸಾಲು ಕಾಣಲಿಲ್ಲ. ಅದು ಆಕೆಯ ಮನಸ್ಸಿಗೆ ಹತ್ತಿ, ಆಮೇಲೆ ನಡೆದ ಮಾತುಕತೆಯಲ್ಲಿ ಪಾಪ ಒಂದು ಮಾತೂ ಆಡದೆ, ಎಡಗಣ್ಣು ಬಲಗಣ್ಣು ಬದಲಿಸಿ ಮುಚ್ಚಿ ಗೋಡೆಯನ್ನೇ ನೋಡುತ್ತಿದ್ದಳು.

"ಮೊದಲು ಆ ಟೀವಿ ಆರಿಸಿ ಭಾವ" ಅಂದ ಅಣ್ಣ.

"ಆರಿಸಿದ್ರೆ ಮತ್ತೆ ಬರುತ್ತೋ ಇಲ್ವೋ ಯಾರಿಗೆ ಗೊತ್ತು?"

ಹಾಗಾಗಿ ನಮ್ಮ ದಾಂಪತ್ಯದ ವಿಚಾರಣೆ ಬಾವಿ ತೋಡುವವರ ಸಮ್ಮುಖದಲ್ಲಿ ನಡೆಯಿತು. ಈಗ ಇಬ್ಬರು ತೋಡುತ್ತಿದ್ದರು.

ಅಣ್ಣ ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದ. "ಯಾರ ತಪ್ಪು ಅಂತ ನಾನು ಕೇಳೋಕೆ ಬಂದಿಲ್ಲ. ಒಂದೇ ಮಾತು ಹೇಳಮ್ಮ. ನಿನಗೆ ಏನು ಬೇಕು?"

ಎಲ್ಲರೂ ನನ್ನನ್ನೇ ನೋಡಿದರು. ನಮ್ಮವರೂ ಬಾವಿಯಿಂದ ಕಣ್ಣು ತೆಗೆದು ನೋಡಿದರು. ಈ ಪ್ರಶ್ನೆಯನ್ನು ಅಂಗಡಿಯವರ ಹೊರತು ಬೇರೆ ಯಾರೂ ನನಗೆ ಇದುವರೆಗೆ ಕೇಳಿರಲಿಲ್ಲ. ಹಾಗಾಗಿ ಉತ್ತರ ಸಿದ್ಧವಿತ್ತು ಎನ್ನುವುದು ನನಗೇ ಆಶ್ಚರ್ಯ.

"ಕಡಲಿಗೆ ಹೋಗ್ಬೇಕು" ಅಂದೆ. "ತಂಗಿ ಮನೆಗೆ. ಅವಳು ಮನೆ ಬಿಟ್ಟುಕೊಡೋದರೊಳಗೆ."

ನಾದಿನಿ ಕರ್ಚೀಫಿನ ಒಣಗಿದ ಮೂಲೆ ಹುಡುಕಿದಳು.

"ಅಂದ್ರೆ ಬಿಟ್ಟು ಹೋಗೋದಾ? ಇಷ್ಟು ವಯಸ್ಸಾದ ಮೇಲಾ?" ಎಂದು ಕೇಳಿದಳು.

"ಬಿಟ್ಟಲ್ಲ. ಜೊತೇಲೇ. ಗಾಡೀಲಿ" ಅಂದೆ.

"ಭಾವ ಏನಂತೀರಿ?" ಎಂದ ಅಣ್ಣ.

"ಹೋಗೋಕೇ ಅಲ್ವಾ ಗಾಡಿ ತಂದಿದ್ದು" ಅಂದರು ನಮ್ಮವರು. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ಅದನ್ನು ನಾನು ಅಲ್ಲಗಳೆಯಲಾರೆ. "ಆದ್ರೆ ಮುದ್ರೆ ಬಿದ್ದುಬಿಟ್ಟಿದೆ. ಈಗ ಅಲುಗಾಡೋ ಹಾಗಿಲ್ಲ."

"ನೋಡಿದ್ಯಾ?" ಎಂದು ಅಣ್ಣ ನನಗೆ ಹೇಳಿದ. "ಸಂಬಂಧಕ್ಕೆ ಮುದ್ರೆ ಬಿದ್ದಿದೆ ಅಂತಾರೆ. ಇಂಥ ಮಾತಾಡೋ ಗಂಡ ಎಷ್ಟು ಜನಕ್ಕೆ ಸಿಗ್ತಾರೆ?"

"ಅಣ್ಣಾ, ಅವರು ಹೇಳ್ತಾ ಇರೋದು ಡಿಶ್ಶಿನ..."

"ಗೊತ್ತು, ಡಿಶ್. ಟೀಚರು ಫೋನಲ್ಲಿ ಎಲ್ಲಾ ಹೇಳಿದಾರೆ."

ಅವನು ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟ. ಭಾವ ಇವತ್ತಿನಿಂದ ಮನೆಯೊಳಗೆ ಮಲಗತಕ್ಕದ್ದು. ಹಗಲು ಹೊತ್ತು ಗಾಡಿಯಲ್ಲಿ ಇರಬಹುದು, ಬೇಡ ಎನ್ನುವಂತಿಲ್ಲ. ನಾನು ಎಲ್ಲಿಗೂ ಹೋಗತಕ್ಕದ್ದಲ್ಲ. ಗಾಡಿ ಇದ್ದಲ್ಲೇ ಇರತಕ್ಕದ್ದು. ಕೊನೆಯ ಮಾತು ಕೇಳಿ ನಮ್ಮವರ ಮುಖದ ಮೇಲೆ ಬಂದ ನೆಮ್ಮದಿಯನ್ನು ನೋಡಿ ನಾದಿನಿ ಸಂತೋಷದಿಂದ ಮತ್ತೆ ಅತ್ತಳು. ತಾನು ಒಂದು ಸಂಸಾರ ಉಳಿಸಿದೆನೆಂದು ಅಣ್ಣ ಊಟದಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡ. ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ಮನಸ್ಸಲ್ಲಿ ಏನೂ ಇಟ್ಕೋಬೇಡ" ಅಂದ. ಅತ್ತಿಗೆ ಮಾತ್ರ ಟ್ಯಾಕ್ಸಿ ಹತ್ತುವ ಮೊದಲು ಗಾಡಿಯ ಕಡೆ ನೋಡಿ, "ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು ಕಣೇ" ಎಂದಳು. ಆ ಪಂಚಾಯಿತಿಯಿಂದ ಪ್ರಯೋಜನವಾದದ್ದು ಆಕೆಯೊಬ್ಬಳಿಗೆ.

ಇಲ್ಲದ ಜಗಳ ಹೀಗೆ ಬಗೆಹರಿಯಿತು. ನಮ್ಮವರು ದಿಂಬು, ಚಾದರ, ಕ್ಷೌರದ ಡಬ್ಬಿ ಎತ್ತಿಕೊಂಡು ವಾಪಸು ಬರುವುದನ್ನು ಬೀದಿ ಜಗಲಿಗಳಿಂದ ನೋಡಿತು. ಮ್ಯಾನೇಜರು ಕೈಯೆತ್ತಿ ಹರಸಿದರು. ಟೈಲರು ಗುಂಡಿ ಹೊಲಿದ ಅಂಗಿ ತಂದುಕೊಟ್ಟರು. ಟೀಚರು ಮಾತ್ರ ಗೋಡೆಯಾಚೆಯಿಂದ ನನ್ನನ್ನು ನಿರಾಸೆಯಿಂದ ನೋಡಿದರು.

"ಸೋತ್ರಾ?" ಅಂದರು.

ನಾನು ಒಗೆದ ಬಟ್ಟೆ ಹರವುತ್ತಿದ್ದೆ.

"ಹೋಗ್ಲಿ ಬಿಡಿ. ಮುಂದಿನ ಸಲ ಅವರನ್ನ ಹೊರಗೆ ಕಳಿಸ್ಬೇಡಿ, ನೀವೇ ಹೊರಡಿ. ಇಡೀ ಬೀದಿ ಆಗ್ಲೇ ನೀವು ಹೋಗ್ತೀರಿ ಅಂತ ಕಾದಿತ್ತು. ಈಗ ಹೋದ್ರೂ ಯಾರೂ ಏನೂ ಅನ್ನಲ್ಲ" ಅಂದರು. ಹೇಳಿ ಒಳಗೆ ಹೋದರು. ನಾನು ಕೈಯಲ್ಲಿದ್ದ ಕ್ಲಿಪ್ಪನ್ನು ಬಟ್ಟೆಗೆ ಹಾಕಿ, ಬೀದಿಯ ಕೊನೆಯ ಕಡೆ ನೋಡಿದೆ.

ಮರುದಿನ ಬೆಳಿಗ್ಗೆ ಡಿಶ್ಶಿನ ಮೇಲೆ ಕಾಗೆ ಕೂತು ಎದ್ದುಹೋಯಿತು. ನಮ್ಮವರು ತಿಂಡಿಯ ತಟ್ಟೆ ಬಿಟ್ಟು ಏಣಿ ಹತ್ತಿದರು. ನಾನು ಆಲೂಗಡ್ಡೆ, ಚಾಕು, ತಟ್ಟೆ ಹಿಡಿದುಕೊಂಡು ಒಳಗೆ ಪರದೆಯ ಮುಂದೆ ಕೂತೆ. ಬಾವಿಯಲ್ಲಿ ನೀರು ಬಂದಂತಿತ್ತು. ಅವರಿಬ್ಬರೂ ಕೆಸರಾದ ಕೈಗಳಲ್ಲಿ ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು.

"ಮುದ್ರೆ ಸರಿಯಾಗಿದೆ" ಎಂದು ಮೇಲಿನಿಂದ ಹೇಳಿದರು. "ಗುಣ ಎಷ್ಟು?"

"ಎಂಬತ್ತಾರು."

"ಮೊದಲೂ ಅಷ್ಟೇ ಅಲ್ವಾ ಇದ್ದದ್ದು?"

"ಅಷ್ಟೇ. ಏನೂ ಬದಲಾಗಿಲ್ಲ."

"ಇನ್ನೂ ಸ್ವಲ್ಪ ನೋಡ್ತೀನಿ ಇರು. ಸುತ್ತ ಒರೆಸಿಬಿಡ್ತೀನಿ. ನೀನು ಪರದೆ ಮೇಲೆ ಕಣ್ಣಿಟ್ಟಿರು."

ನನ್ನ ಕಣ್ಣು ಕಪಾಟಿನ ಮೇಲಿತ್ತು. ತಂಗಿಯ ಊರಿನ ಬಸ್ಸು ದಿನವೂ ಬೆಳಿಗ್ಗೆ ಬೇಗ ಹೊರಡುತ್ತದೆ, ನಾಳೆಯೂ ಹೊರಡುತ್ತದೆ. ನಿಲ್ದಾಣ ನಮ್ಮ ಬೀದಿಯ ಕೊನೆಯಲ್ಲೇ ಇದೆ, ಇಷ್ಟು ವರ್ಷವೂ ಅಲ್ಲೇ ಇತ್ತು. ಆಲೂಗಡ್ಡೆಯ ತಟ್ಟೆಯನ್ನು ಪಕ್ಕಕ್ಕಿಟ್ಟೆ. ಕಪಾಟು ತೆಗೆದು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಎರಡು ತಟ್ಟೆಗಳಲ್ಲಿ ಒಂದನ್ನು, ಎರಡು ಲೋಟಗಳಲ್ಲಿ ಒಂದನ್ನು, ಎರಡು ಹೊದಿಕೆಗಳಲ್ಲಿ ದಪ್ಪನೆಯದನ್ನು ಹೊರಗೆ ತೆಗೆದೆ. ಅವರಿಗೆ ಬೆಳಗಿನ ಜಾವ ಚಳಿ ತಡೆಯುವುದಿಲ್ಲ. ಮೂರನ್ನೂ ಕಪಾಟಿನ ಮೇಲಿನ ಹಲಗೆಯಲ್ಲಿ, ಹುಡುಕದೆಯೇ ಕೈಗೆ ಸಿಗುವ ಹಾಗೆ ಜೋಡಿಸಿದೆ. ಚೀಲದ ಜಿಪ್ಪು ಎಳೆದೆ. ಎತ್ತಿ ನೋಡಿದರೆ ಒಂದು ಕೈಗೆ ಹಗುರವಾಗಿತ್ತು.

"ಅದೇನು ಸದ್ದು?" ಎಂದರು ಮೇಲಿನಿಂದ.

"ಏನಿಲ್ಲ" ಅಂದೆ. "ಚಿತ್ರ ಚೆನ್ನಾಗಿ ಬರ್ತಾ ಇದೆ. ನೀವು ಅಲುಗಾಡಿಸ್ಬೇಡಿ."